ನೀರು ಹೊಡೆದ ಗೋಡೆ

ಗೋಡೆಗೆ ಮೊಳೆ ಹೊಡೆಯುವ ಸದ್ದು ಕೇಳಿದ್ದೇ ನಂಜಮ್ಮ ಒಗೆಯುತ್ತಿದ್ದ ಬಟ್ಟೆಯನ್ನು ಕಲ್ಲಿನ ಮೇಲೇ ಬಿಟ್ಟು, ಮರದ ಸಂಕ ದಾಟಿ ನಡುಗಡ್ಡೆಗೆ ಓಡಿದಳು. ಭದ್ರಾ ಹೊಳೆ ಎರಡಾಗಿ ಸುತ್ತುವರಿದ ಆ ತುಂಡು ನೆಲದಲ್ಲಿ ಇದ್ದದ್ದು ಒಂದೇ ಮನೆ, ಅದು ಅವಳದು. ಈಗ ನೋಡಿದರೆ ಜಗುಲಿಯ ತುಂಬ ಯಾರದೋ ಪೆಟ್ಟಿಗೆಗಳು. ಔಷಧಿಯ ಡಬ್ಬಿಗಳು ಆಗಲೇ ಗೂಡಿನಲ್ಲಿ ಸಾಲಾಗಿ ಕೂತಿದ್ದವು. ಒಳಕೋಣೆಯಲ್ಲಿ ಬಿಳಿ ಸೀರೆಯ ಇಬ್ಬರು ಸಿಸ್ಟರುಗಳು ಮಂಚ ಜೋಡಿಸುತ್ತಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಧರ್ಮೇಶ ಸ್ಟೂಲು ಹತ್ತಿ, ಯೇಸುವಿನ ಫೋಟೋ ಹಾಕಲು ಮೊಳೆ ಹೊಡೆಯುತ್ತಿದ್ದ.

ಫೋಟೋದ ಮೇಲೆ ಅವಳಿಗೇನೂ ಸಿಟ್ಟಿರಲಿಲ್ಲ. ದೇವರು ಯಾರಾದರೇನು, ಗೋಡೆ ತನ್ನದಲ್ಲವೇ! ಮದುವೆಯಾಗಿ ಬಂದಂದಿನಿಂದ ಮೂವತ್ತೊಂದು ವರ್ಷ ಇಲ್ಲೇ ಬಾಳಿದವಳು. ಗಂಡ ಕಣ್ಣು ಮುಚ್ಚಿದ್ದೂ ಇಲ್ಲೇ. ಒಂದು ಕಕ್ಕಸು ಕಟ್ಟಿಸಿಕೊಡಿ, ಕರೆಂಟು ಕೊಡಿಸಿ ಎಂದು ಕೇಳಿ ಕೇಳಿ ನಾಲಗೆ ಸವೆದಿತ್ತು. ಈ ಬೇಸಿಗೆಯಲ್ಲಿ ಧರ್ಮೇಶ ಬಂದು, ತೋಟದ ಸಾಹುಕಾರರು ಮನೆ ರಿಪೇರಿ ಮಾಡಿಸುತ್ತಾರೆ, ಮೂರು ತಿಂಗಳು ಗೊಬ್ಬರದ ಶೆಡ್ಡಿನಲ್ಲಿರು ಅಂದಾಗ, ಬರೀ ಬಾಯಿಮಾತನ್ನು ನಂಬಿ ಪಾತ್ರೆಪಗಡ ಹೊತ್ತು ನಡೆದಿದ್ದಳು. ತೋಟದಲ್ಲಿ ಯಾರು ಕಾಗದ ಕೇಳುತ್ತಾರೆ? ರೈಟರ ಮಾತೇ ಕಾಗದ.

ಅಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಅನ್ನಬಹುದಿತ್ತು. ಗಾರೆ ಹಸಿಯಿದ್ದಾಗ ಹದಿನಾಲ್ಕು ದಿನ, ತೋಟದ ಕೆಲಸ ಮುಗಿಸಿ ಬಂದು, ಹೊಳೆಯಿಂದ ಕೊಡ ಹೊತ್ತು ಇದೇ ಗೋಡೆಗಳಿಗೆ ನೀರು ಹೊಡೆದವಳು ಅವಳು. ಯಾವ ಮೇಸ್ತ್ರಿಯೂ ಹೇಳಿರಲಿಲ್ಲ. ತನ್ನ ಮನೆ ಬಿರುಕು ಬಿಡಬಾರದೆಂದು ತಾನಾಗಿ ಮಾಡಿದ್ದು. ಧರ್ಮೇಶ ದಿನಾ ನೋಡುತ್ತಿದ್ದ. ಚೆನ್ನಾಗಿ ಹೊಡಿ ನಂಜಮ್ಮ, ಮೂಲೆಗೂ ಬೀಳಲಿ ಎಂದು ಹೇಳಿಯೂ ಹೋಗಿದ್ದ. ಎಲ್ಲ ಗೊತ್ತಿದ್ದೂ ಹಾಗೆ ಹೇಳಬೇಕಾದರೆ ಅವನದು ಎಂಥ ಎದೆಯಿರಬೇಕು!

"ಇದು ಯಾರ ಮನೆ ರೈಟ್ರೇ?" ಎಂದಳು ನಂಜಮ್ಮ.

ಧರ್ಮೇಶ ತಿರುಗಿ ನೋಡಲಿಲ್ಲ. ಸಾಹುಕಾರರು ಸಿಸ್ಟರುಗಳಿಗೆ ಕೊಟ್ಟಿದ್ದಾರೆ, ಬಡವರ ಸೇವೆಗೆಂದು ಬಂದವರು, ನಿಮ್ಮಂಥವರಿಗೇ ಒಳ್ಳೆಯದು ಎಂದು ಗೋಡೆಗೆ ಹೇಳಿದ. ಶೆಡ್ಡಿಗೇನು ಕಡಿಮೆ, ಮೇಲೆ ಶೀಟಿದೆಯಲ್ಲ ಎಂದೂ ಸೇರಿಸಿದ.

"ಒಂದೇ ಒಂದು ದಿನ ನಿಮ್ಮ ಅಮ್ಮನ್ನ ಇರಿಸ್ತೀರಾ ಅಲ್ಲಿ?"

ಅವನ ಮುಖ ಕೆಂಪಾಯಿತು. ಜೀಪಿನಲ್ಲಿ ಇನ್ನೊಂದು ಪೆಟ್ಟಿಗೆ ಉಳಿದಿದೆ ಎಂದು ಗೊಣಗಿ, ಸುತ್ತಿಗೆ ಅಲ್ಲೇ ಇಟ್ಟು ಮೆಲ್ಲಗೆ ಜಾರಿಕೊಂಡ.

ಒಳಗಿನ ಗಡಿಬಿಡಿಯಲ್ಲಿ ಹಿರಿಯ ಸಿಸ್ಟರ್ ಪ್ರೇಮಕುಮಾರಿಯವರ ಕಿವಿಗೆ ಈ ಮಾತೊಂದೂ ಬಿದ್ದಿರಲಿಲ್ಲ. ಕೈ ಒರೆಸಿಕೊಳ್ಳುತ್ತ ಹೊರಗೆ ಬಂದವರು ಒದ್ದೆ ಸೀರೆಯ ಮುದುಕಿಯನ್ನು ಕಂಡು, ತಾವೇ ಕುರ್ಚಿ ಎಳೆದು, ಕೂರಿ ಅಮ್ಮ, ನೀವೇ ನಮ್ಮ ಮನೆಗೆ ಮೊದಲ ಅತಿಥಿ ಎಂದು ನಕ್ಕರು. ತನ್ನ ಮನೆಗೆ ತಾನೇ ಅತಿಥಿ! ನಂಜಮ್ಮನ ಮೈಯೆಲ್ಲ ಉರಿದುಹೋಯಿತು. ಬೈಯೋಣವೆಂದರೆ ಎದುರಿಗಿದ್ದದ್ದು ಏನೂ ಅರಿಯದ ಮುಖ. ಬೈಸಿಕೊಳ್ಳಬೇಕಾದವನು ಆಗಲೇ ಆಚೆ ದಡ ಸೇರಿದ್ದ.

ಸಿಸ್ಟರ್ ಪೆಟ್ಟಿಗೆಯಿಂದ ಹೊಸ ಪುಸ್ತಕವೊಂದನ್ನು ತೆಗೆದರು. ಸುತ್ತಮುತ್ತ ಮನೆಯಿಲ್ಲದವರು ಎಷ್ಟು ಜನ ಎಂದು ಪಟ್ಟಿ ಮಾಡುವುದೇ ತಮ್ಮ ಮೊದಲ ಕೆಲಸ, ಆಮೇಲೆ ಒಬ್ಬೊಬ್ಬರಿಗೇ ಕಟ್ಟಿಸಿಕೊಡುವ ಯೋಚನೆಯಿದೆ ಎಂದು ವಿವರಿಸಿದರು. ಹೆಸರು ಕೇಳಿ ಬರೆದುಕೊಂಡರು. ಸ್ವಂತ ಮನೆ ಇದೆಯೇ ಎಂದರು. ನಂಜಮ್ಮ ಇಲ್ಲವೆಂದು ತಲೆಯಾಡಿಸಿದಳು. ಸಿಸ್ಟರ್ ಲೊಚಗುಟ್ಟಿದರು. ಅವರ ಕಣ್ಣಲ್ಲಿದ್ದದ್ದು ನಿಜವಾದ ಕರುಣೆಯೇ.

"ಎಷ್ಟು ವರ್ಷದಿಂದ ಮನೆಯಿಲ್ಲ ಅಮ್ಮ?"

"ವರ್ಷ ಎಲ್ಲಿ ಬಂತು ಸಿಸ್ಟರೇ," ಎಂದಳು ನಂಜಮ್ಮ, ಕೂರದೆ ನಿಂತಲ್ಲೇ ನಿಂತು. "ಇವತ್ತು ಬೆಳಿಗ್ಗೆಯಿಂದ. ನೀವು ಬಂದ ಮೇಲೆ."