ಹತ್ತೊಂಬತ್ತರ ಪಾನಾ

ಗ್ರೀಸಿನ ವಾಸನೆ ಬಂದರೆ ಇಂದಿಗೂ ನನ್ನ ಅಂಗೈ ಬೆವರುತ್ತದೆ.

ನಾನಾಗ ಮೂರನೇ ಇಯತ್ತೆ. ವಿಜಯಪುರದಿಂದ ಬಂದಿದ್ದ ದೊಡ್ಡಪ್ಪ ಟ್ರ್ಯಾಕ್ಟರ್ ರಿಪೇರಿಗೆ ಬೋಲ್ಟು ಬಿಚ್ಚುವ ಪಾನಾ ಕೊಳ್ಳಲು ಅಪ್ಪನನ್ನೂ ನನ್ನನ್ನೂ ನಾವಿದ್ದ ಶಹರದ ಗ್ರಾಂಟ್ ರೋಡಿನ ಅಂಗಡಿಗೆ ಕರೆದೊಯ್ದಿದ್ದರು. ಅವರ ಬಲಗೈಗೆ ಇನ್ನೂ ಪಟ್ಟಿ ಇತ್ತು. ರಜೆಯಲ್ಲಿ ನಾನು ಊರಿಗೆ ಹೋಗಿದ್ದಾಗ, ಟ್ರ್ಯಾಕ್ಟರಿನಡಿ ಮಲಗಿ ಅವರು ಹತ್ತೊಂಬತ್ತರ ಪಾನಾ ಕೇಳಿದ್ದರು. ನಾನು ನಂಬರ್ ನೋಡದೆ ಇಪ್ಪತ್ತೊಂದರದನ್ನು ಕೊಟ್ಟಿದ್ದೆ. ಅದು ಜಾರಿ ಅವರ ಎರಡು ಬೆರಳು ಜಜ್ಜಿಹೋಗಿದ್ದವು. ನಂಬರ್ ತಪ್ಪಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ.

ದೊಡ್ಡಪ್ಪ ಊರಿಂದ ತಂದ ಬೋಲ್ಟಿಗೆ ಒಂದೊಂದೇ ಪಾನಾ ತೊಡಿಸಿ, ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು. "ಸಪ್ಪಳ ಬಂದ್ರ ಸಡ್ಲ ಐತಿ ಅಂತ ತಿಳ್ಕೋ."

"ಅಣ್ಣಾ, ಅವತ್ತ ಹ್ಯಾಂಗ ಜಾರ್ತು?" ಅಪ್ಪ ಕೇಳಿದರು.

ನಾನು ದೊಡ್ಡಪ್ಪನ ಪಟ್ಟಿಯಿಂದ ಕಣ್ಣು ತೆಗೆದು ಅಂಗಡಿಯ ಪಾನಾಗಳನ್ನು ಎಣಿಸತೊಡಗಿದೆ.

"ಪಾನಾ ಹಳೇದಿತ್ತೋ," ಎಂದರು ದೊಡ್ಡಪ್ಪ. ಆಮೇಲೆ ಗ್ರೀಸು ಮೆತ್ತಿದ ಹೊಸದೊಂದನ್ನು ನನ್ನ ಅಂಗೈಯಲ್ಲಿಟ್ಟು, ನನಗಷ್ಟೇ ಕೇಳುವಂತೆ ಹೇಳಿದರು: "ಈ ಸಲ ನಂಬರ್ ಓದಿ ಕೊಡವ್ವಾ."