ವಿಂಡೋಸ್‌ನಲ್ಲಿ ಲಿಂಕ್ ಆಗದ ಟೆಸ್ಟ್

ಕಂಪ್ಯೂಟರ್ ಬಗ್ಗೆ ಏನೂ ಗೊತ್ತಿಲ್ಲದವರಿಗೂ ಇದು ಅರ್ಥವಾಗುತ್ತೆ... ದಯವಿಟ್ಟು ಪೂರ್ತಿ ಓದಿ.

ಧಾರವಾಡದಲ್ಲಿ ಒಂದು ಪುಟ್ಟ ಕಂಪನಿ ಇತ್ತು. ಆಗಷ್ಟೇ ಹುಟ್ಟಿದ ಕೂಸುಗಳಿಗೆ ಹನಿಹನಿಯಾಗಿ ಔಷಧ ಕೊಡುವ ಡ್ರಿಪ್ ಮಷೀನ್‌ಗೆ ಸಾಫ್ಟ್‌ವೇರ್ ಮಾಡುತ್ತಿತ್ತು.

ಅದನ್ನು ಟೆಸ್ಟ್ ಮಾಡುವ ಕೆಲಸ ರೆಹಾನಾ ನದಾಫ್ ಅವರದು.

ಅದಕ್ಕೆ ಅವರು ಬಳಸುತ್ತಿದ್ದದ್ದು ಒಂದು ಟೆಸ್ಟಿಂಗ್ ಲೈಬ್ರರಿ, ಅಂದರೆ ಪರೀಕ್ಷೆಗೆಂದೇ ಮೊದಲೇ ಬರೆದಿಟ್ಟ ಕೋಡ್‌ನ ಕಂತೆ. ಸಾಫ್ಟ್‌ವೇರ್ ಲೆಕ್ಕ ಸರಿ ಇದ್ದರೆ ಹಸಿರು, ತಪ್ಪಿದ್ದರೆ ಕೆಂಪು ತೋರಿಸುತ್ತೆ.

ಲಿನಕ್ಸ್, ವಿಂಡೋಸ್‌ನಂಥ ಒಂದೊಂದು ಆಪರೇಟಿಂಗ್ ಸಿಸ್ಟಮ್‌ಗೂ ಆ ಲೈಬ್ರರಿಯನ್ನು ಬೇರೆಯಾಗಿ ಬಿಲ್ಡ್ ಮಾಡಬೇಕು, ಅಂದರೆ ಅದರಲ್ಲಿ ಓಡುವಂತೆ ಸಿದ್ಧಪಡಿಸಬೇಕು... ಆಮೇಲೆ ನಮ್ಮ ಸಾಫ್ಟ್‌ವೇರ್ ಜೊತೆ ಲಿಂಕ್ ಮಾಡಬೇಕು, ಅಂದರೆ ಎರಡನ್ನೂ ಬೆಸೆಯಬೇಕು.

ಆಫೀಸಿನಲ್ಲಿದ್ದದ್ದು ಲಿನಕ್ಸ್. ಅಲ್ಲಿ ಎಲ್ಲಾ ಹಸಿರು.

ಆದರೆ ಆರ್ಡರ್ ಕೊಟ್ಟ ಆಸ್ಪತ್ರೆಯಲ್ಲಿ ವಿಂಡೋಸ್! ಅದರಲ್ಲಿ ಲೈಬ್ರರಿ ಬಿಲ್ಡ್ ಆಗುತ್ತಿತ್ತು, ಲಿಂಕ್ ಮಾತ್ರ ಆಗುತ್ತಿರಲಿಲ್ಲ. ಸ್ಕ್ರೀನ್ ತುಂಬಾ ಎರರ್... ಟೆಸ್ಟ್ ಶುರುವೇ ಆಗುತ್ತಿರಲಿಲ್ಲ.

ಮಾಲೀಕ ಹಂಚಿನಾಳ ಸಾಹೇಬರಿಗೆ ತಾಳ್ಮೆ ತಪ್ಪಿತು.

"ಲಿನಕ್ಸ್‌ನ್ಯಾಗ ಪಾಸ್ ಆಗೇದಲ್ಲ? ಅದೇ ಕೋಡ್ ಅಲ್ಲೇನು? ಟೆಸ್ಟ್ ಆಗೇದ ಅಂತ ಬರದು ಕಳಿಸಿಬಿಡ್ರಿ ರೆಹಾನಾ."

"ವಿಂಡೋಸ್‌ನ್ಯಾಗ ಆಗಿಲ್ರಿ ಸರ್... ಆಗೇದ ಅಂತ ಹೆಂಗ ಬರೀಲಿ?"

"ಈ ಆರ್ಡರ್ ಹೋದ್ರ ಕಂಪನಿ ಉಳಿಯೂದಿಲ್ಲ, ಗೊತ್ತದ ಇಲ್ಲೋ?"

"ಗೊತ್ತದರಿ ಸರ್."

ಅವರು ಬರೆಯಲಿಲ್ಲ.

ಆಸ್ಪತ್ರೆಯವರು ಕಾದು ಕಾದು ಆರ್ಡರ್ ರದ್ದು ಮಾಡಿದರು. ಕಂಪನಿ ಬಾಗಿಲು ಮುಚ್ಚಿತು...

ಪಕ್ಕದ ಸೀಟಿನ ಶಶಿಕಲಾ, ದಿನಾ ರೆಹಾನಾ ಜೊತೆ ಒಂದೇ ಡಬ್ಬಿಯಲ್ಲಿ ಉಂಡವರು. ಮನೆಯಲ್ಲಿ ದುಡಿಯುವವರು ಅವರೊಬ್ಬರೇ. ಕೊನೆಯ ದಿನ ಒಂದೇ ಮಾತು ಹೇಳಿದರು...

"ನಿನ್ನ ಹಟದಾಗ ನಮ್ಮೆಲ್ಲಾರ ಅನ್ನ ಹೋತು ನೋಡು."

ಆಮೇಲೆ ಫೋನ್ ಕೂಡ ಎತ್ತಲಿಲ್ಲ.

ರೆಹಾನಾಗೆ ಬೇರೆಲ್ಲೂ ಕೆಲಸ ಸಿಗಲಿಲ್ಲ. ಅದಕ್ಕಿಂತ ಹೆಚ್ಚಾಗಿ ಒಂದು ಯೋಚನೆ ಅವರನ್ನು ತಿನ್ನುತ್ತಿತ್ತು... ಸಾಫ್ಟ್‌ವೇರ್‌ನಲ್ಲಿ ತಪ್ಪೇ ಇರಲಿಲ್ಲ ಅಂದರೆ? ಸುಮ್ಮನೆ ಎಲ್ಲರ ಬದುಕು ಹಾಳು ಮಾಡಿದೆನಾ?

ಅದಕ್ಕೇ ತಮ್ಮ ಬಳಿ ಉಳಿದಿದ್ದ ಅದೇ ಕೋಡನ್ನು ಮನೆಯ ಹಳೇ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಮತ್ತೆ ಮತ್ತೆ ಬಿಲ್ಡ್ ಮಾಡುತ್ತಾ ಕೂತರು. ಮತ್ತೆ ಮತ್ತೆ ಎರರ್. "ಬಿಡವ್ವಾ ಇನ್ನ, ಯಾರಿಗೆ ಬೇಕಾಗೇದ ಅದು?" ಅಂತ ಅಮ್ಮ ಬೇಡಿಕೊಂಡರು.

ಒಂದು ಮಧ್ಯಾಹ್ನ ಕಾರಣ ಸಿಕ್ಕಿತು. ಲೈಬ್ರರಿ ಬಿಲ್ಡ್ ಆದದ್ದು ಒಂದು ಸೆಟ್ಟಿಂಗ್‌ನಲ್ಲಿ, ಸಾಫ್ಟ್‌ವೇರ್ ಇನ್ನೊಂದರಲ್ಲಿ. ಎರಡಕ್ಕೂ ಒಂದೇ ಸೆಟ್ಟಿಂಗ್ ಹಾಕಿದರು...

ಲಿಂಕ್ ಆಯಿತು! ಟೆಸ್ಟ್ ಓಡತೊಡಗಿತು.

ಹಸಿರು... ಹಸಿರು... ಹಸಿರು... ಕೆಂಪು.

ಲೆಕ್ಕದಲ್ಲಿ ಬರುವ ಒಂದು ದೊಡ್ಡ ಸಂಖ್ಯೆಗೆ ಲಿನಕ್ಸ್‌ನಲ್ಲಿ ಜಾಗ ಸಾಲುತ್ತಿತ್ತು, ವಿಂಡೋಸ್‌ನಲ್ಲಿ ಸಾಲದೆ ಲೆಕ್ಕವೇ ತಪ್ಪುತ್ತಿತ್ತು. ಆಸ್ಪತ್ರೆಗೆ ಕಳಿಸಿದ್ದರೆ ತೂಕ ಕಡಿಮೆ ಇರುವ ಕೂಸಿಗೆ ಔಷಧ ವಿಪರೀತ ಹೋಗುತ್ತಿತ್ತು.

ರೆಹಾನಾಗೆ ಗೆದ್ದೆ ಅನ್ನಿಸಲಿಲ್ಲ. ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ಆಮೇಲೆ ಸ್ಕ್ರೀನಿನ ಫೋಟೋ ತೆಗೆದು ಸಾಹೇಬರಿಗೂ ಶಶಿಕಲಾಗೂ ಕಳಿಸಿದರು.

ಮರುದಿನ ಹಂಚಿನಾಳ ಸಾಹೇಬರು ಮನೆಗೇ ಬಂದರು. ಲ್ಯಾಪ್‌ಟಾಪ್ ಮೇಲೆ ಬಾಗಿ ಆ ಕೆಂಪು ಸಾಲಿನ ಮೇಲೆ ಬೆರಳಿಟ್ಟರು.

"ಕೂಸಿನ ಮೈಗೆ... ಇಷ್ಟು ಹೋಗ್ತಿತ್ತೇನು?"

"ಹೌದ್ರಿ ಸರ್."

ಅಷ್ಟು ದೊಡ್ಡ ಮನುಷ್ಯ ಕೈ ಮುಗಿದರು. "ನಾ ಕಳಿಸಿಬಿಡ್ತಿದ್ದೆ ರೆಹಾನಾ... ನೀವು ಒಲ್ಲೆ ಅನ್ನದಿದ್ರ ಕಳಿಸಿಬಿಡ್ತಿದ್ದೆ..."

ಇಬ್ಬರೂ ಅತ್ತರು.

ಕಂಪನಿ ಮತ್ತೆ ತೆರೆಯಲಿಲ್ಲ. ರೆಹಾನಾಗೆ ಇನ್ನೂ ಕೆಲಸ ಸಿಕ್ಕಿಲ್ಲ. ಶಶಿಕಲಾ ಮೆಸೇಜ್ ನೋಡಿದ್ದಾರೆ... ಉತ್ತರ ಬಂದಿಲ್ಲ.

ಆ ಆಸ್ಪತ್ರೆಯಿಂದ ಇವತ್ತೂ ತಾಯಂದಿರು ಕೂಸು ಎತ್ತಿಕೊಂಡು ಮನೆಗೆ ಹೋಗುತ್ತಾರೆ. ರೆಹಾನಾ ಯಾರು ಅಂತ ಅವರಿಗೆ ಗೊತ್ತಿಲ್ಲ.

*ನಿಜ ಹೇಳಿದ್ದರಿಂದ ಕಳೆದುಹೋದದ್ದು ಎಲ್ಲರಿಗೂ ಕಾಣುತ್ತೆ... ಅದರಿಂದ ಉಳಿದದ್ದು ಯಾರಿಗೂ ಕಾಣುವುದಿಲ್ಲ.*

ಆ ದಿನ ರೆಹಾನಾ ಜಾಗದಲ್ಲಿ ನೀವಿದ್ದಿದ್ದರೆ... ಏನು ಬರೆಯುತ್ತಿದ್ದಿರಿ?