ವಾಲ್ವಿನೊಳಗಿನ ರಿಂಗ್

ಐಸ್ ಕಾರ್ಖಾನೆಯಲ್ಲಿ ಅಮೋನಿಯಾ ಸೋರಿ ಫಿಟ್ಟರ್ ಮಲ್ಲೇಶಿ ಸತ್ತ. ಅವನೇ ವಾಲ್ವಿಗೆ ತಪ್ಪು ರಬ್ಬರ್ ರಿಂಗ್ ಹಾಕಿದ್ದನೆಂದು ಎಲ್ಲರೂ ಆಡಿಕೊಂಡರು. ಜತೆಗಾರ ಫಕ್ಕೀರಪ್ಪ ಮಾತ್ರ ನಂಬಲಿಲ್ಲ. ವಾಲ್ವ್ ಬಿಚ್ಚಿ ಹೊಸ ರಿಂಗ್ ಕೂರಿಸುವ ಕೆಲಸ ಅವನ ಪಾಲಿಗೇ ಬಂತು.

ಬಿಚ್ಚಿ ನೋಡಿದರೆ ಹಳೆಯ ರಿಂಗ್ ಗ್ಯಾಸಿಗೆ ಉಬ್ಬಿ ಹರಿದಿತ್ತು. ಹೊರನೋಟಕ್ಕೆ ಎಲ್ಲ ರಿಂಗುಗಳೂ ಒಂದೇ ಕಪ್ಪು. ಆದರೆ ಇದು ಎಣ್ಣೆ ಪಂಪಿಗೆ ಹಾಕುವ ರಬ್ಬರು, ಅಮೋನಿಯಾವನ್ನು ತಡೆದುಕೊಳ್ಳುವಂಥದ್ದಲ್ಲ. ತನಗೆ ಕೆಲಸ ಕಲಿಸಿದವನೇ ಹೀಗೆ ಮಾಡಿದನೇ ಎಂದು ಫಕ್ಕೀರಪ್ಪ ರಿಂಗನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದ. ಅದನ್ನು ಯಾರಿಗೂ ತೋರಿಸದೆ ಜೇಬಿಗೆ ತುರುಕಿ, ಹೊಸದಾಗಿ ತರಿಸಿದ್ದವುಗಳಲ್ಲಿ ಸರಿಯಾದ ರಿಂಗ್ ಆರಿಸಿ ಕೂರಿಸಿದ.

ಗೇಟಿನ ಹೊರಗೆ ಮಲ್ಲೇಶಿಯ ಹೆಂಡತಿ ಕಸ್ತೂರೆವ್ವ ಕಾದು ನಿಂತಿದ್ದಳು.

“ಅಣ್ಣಾ, ಒಳಗಿದ್ದ ರಿಂಗ್ ನೋಡಿದ್ರೇನು? ಸರಿ ಇತ್ತೋ ಇಲ್ಲೋ, ಖರೇ ಹೇಳ್ರಿ.”

“ಸರಿನ ಇತ್ತವ್ವ ತಂಗಿ. ವಾಲ್ವ್ ಹಳೇದಾಗಿತ್ತು, ಅದ ಒಡೀತು. ನಿನ್ನ ಗಂಡಂದು ಏನೂ ತಪ್ಪಿಲ್ಲ.”

ಅವಳು ಗೇಟಿನ ಸರಳು ಹಿಡಿದುಕೊಂಡಳು. ಬಿಕ್ಕುತ್ತಲೇ ಹೇಳಿದಳು.

“ಸ್ಟೋರಿನ್ಯಾಗ ರಿಂಗ್ ಮುಗದಾವು, ಬುತ್ತಿ ತರೋವಾಗ ಪ್ಯಾಟ್ಯಾಗ ತಗೊಂಡು ಬಾ ಅಂದಿದ್ರು ನಮ್ಮ ಮನಿಯವರು ಅವತ್ತ. ಅಂಗಡ್ಯಾಗ ನಾನ ಆರಿಸಿ ತಂದುಕೊಟ್ಟಿದ್ದೆ, ಅಣ್ಣಾ.”